ಕೆ.ಜಿ. ರೋಡಿನ ಟಾಕೀಸುಗಳು, ಕ್ಯಾಬಿನ್ನಿನಲ್ಲಿ ನಿಂತವರು

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಬಸ್ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿದೆ. ಆದರೆ ಕಂಡಕ್ಟರ್ ಇವತ್ತಿಗೂ ‘ಮೆಜೆಸ್ಟಿಕ್, ಮೆಜೆಸ್ಟಿಕ್’ ಅಂತಲೇ ಕೂಗುತ್ತಾರೆ ಅಲ್ವಾ? ಅದು ಒಂದು ಟಾಕೀಸಿನ ಹೆಸರು. ಕಟ್ಟಡ ಹೋಯಿತು, ಹೆಸರು ಇಡೀ ಏರಿಯಾಗೆ ಅಂಟಿಕೊಂಡಿತು.

ಕನ್ನಡದ ಮೊದಲ ಟಾಕಿ, ಅಂದರೆ ಮಾತಿನ ಚಿತ್ರ, ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್‌ನಲ್ಲಿ ತೆರೆ ಕಂಡಿತು. ದಂಡಿನ (ಕಂಟೋನ್ಮೆಂಟ್) ಕಡೆ 1936ರಲ್ಲಿ ಪ್ಲಾಜಾ ಬಂತು. ಅದಿದ್ದ ಜಾಗದಲ್ಲಿ ಈಗ ಎಂ.ಜಿ. ರೋಡ್ ಮೆಟ್ರೋ ನಿಲ್ದಾಣ. 1968ರಲ್ಲಿ ಕಪಾಲಿ ಶುರುವಾಯಿತು, 1400ಕ್ಕೂ ಜಾಸ್ತಿ ಸೀಟು. ಸಾಗರ್, ಸಂತೋಷ್, ನರ್ತಕಿ, ತ್ರಿಭುವನ್, ಮೇನಕಾ, ಹೇಳುತ್ತಾ ಹೋದರೆ ಈ ಸಂಜೆ ಮುಗಿದುಹೋಗುತ್ತದೆ. ಇವೆಲ್ಲ ನಿಮಗೆ ಗೊತ್ತಿರುವ ಹೆಸರುಗಳೇ. ನಾನು ಮಾತಾಡಬೇಕು ಅಂತ ಬಂದಿರುವುದು ಒಳಗೆ ದುಡಿದವರ ಬಗ್ಗೆ.

ನಮ್ಮ ದೊಡ್ಡಪ್ಪ ಕೆ.ಜಿ. ರೋಡಿನ ಒಂದು ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುವ ಆಪರೇಟರ್ ಆಗಿದ್ದರು. ಬೇಸಿಗೆ ರಜದಲ್ಲಿ ಅವರಿಗೆ ಊಟದ ಕ್ಯಾರಿಯರ್ ತೆಗೆದುಕೊಂಡು ಹೋಗುವುದು ನನ್ನ ಕೆಲಸ. ಕಬ್ಬಿಣದ ಮೆಟ್ಟಿಲು ಹತ್ತಿ ಕ್ಯಾಬಿನ್ನಿನ ಬಾಗಿಲು ತಳ್ಳಿದರೆ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಎರಡು ದೊಡ್ಡ ಪ್ರೊಜೆಕ್ಟರು. ಒಳಗೆ ಬಲ್ಬ್ ಇರಲಿಲ್ಲ, ಎರಡು ಕಾರ್ಬನ್ ಕಡ್ಡಿ ಇರುತ್ತಿದ್ದವು. ಅವುಗಳ ತುದಿ ಮುಟ್ಟಿಸಿ ಸ್ವಲ್ಪ ದೂರ ಸರಿಸಿದರೆ ನಡುವೆ ಬೆಂಕಿ ಹೊತ್ತಿಕೊಂಡು ಕಣ್ಣು ಕುಕ್ಕುವ ಬೆಳಕು. ಕಡ್ಡಿ ಉರಿದು ಸವೆಯುತ್ತಲೇ ಇರುವುದರಿಂದ ಅಂತರ ಸರಿಯಾಗಿ ಉಳಿಯುವ ಹಾಗೆ ಕಪ್ಪು ಗಾಜಿನೊಳಗಿಂದ ನೋಡುತ್ತಾ ನೋಡುತ್ತಾ ಹಿಡಿ ತಿರುಗಿಸುತ್ತಿರಬೇಕು, ಒಂದು ಕ್ಷಣ ಮೈಮರೆತರೆ ಕೆಳಗೆ ಪರದೆ ಮಂಕಾಗಿ, ಮುಂದಿನ ಅಗ್ಗದ ಸೀಟುಗಳ ಗಾಂಧಿ ಕ್ಲಾಸಿನಿಂದ ಶಿಳ್ಳೆ ಶುರು.

2000 ಅಡಿಯ ರೀಲು ಸುಮಾರು 20 ನಿಮಿಷ ಓಡುತ್ತದೆ. ಮುಗಿಯುವ ಹೊತ್ತಿಗೆ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕಿ ಮಿಂಚಿ ಹೋಗುತ್ತದೆ. ಆಗ ಎರಡನೇ ಪ್ರೊಜೆಕ್ಟರಿನ ಮೋಟಾರ್ ಹಾಕಬೇಕು. ಕೆಲವು ಸೆಕೆಂಡಿಗೆ ಇನ್ನೊಂದು ಚುಕ್ಕಿ, ಆಗ ಮೊದಲ ಪ್ರೊಜೆಕ್ಟರಿನಿಂದ ಎರಡನೆಯದಕ್ಕೆ ಬದಲಾಯಿಸಬೇಕು. ನೋಡುವವರಿಗೆ ಗೊತ್ತೇ ಆಗಬಾರದು. ಈಗಲೂ ದೊಡ್ಡಪ್ಪನನ್ನು ಸಿನಿಮಾಕ್ಕೆ ಕರೆದುಕೊಂಡು ಹೋದರೆ ಆಗಾಗ ಆ ಮೂಲೆ ಕಡೆ ಕಣ್ಣು ಹಾಯಿಸುತ್ತಾರೆ.

‘ಬಂಗಾರದ ಮನುಷ್ಯ’ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು ಅಂತ ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಹೇಳಲೇಬೇಕು. ಆದರೆ ಆ ಎರಡು ವರ್ಷ ಪ್ರತಿ ಆಟಕ್ಕೂ ಯಾರೋ ಒಬ್ಬರು ಆ ಬೆಂಕಿಯ ಪಕ್ಕ ನಿಂತಿದ್ದರು. ಅವರ ಹೆಸರು ಎಲ್ಲಿದೆ? ಒಂದೇ ಪ್ರಿಂಟನ್ನು ಎರಡು ಟಾಕೀಸಿನವರು ಹಂಚಿಕೊಂಡಾಗ ಮುಗಿದ ರೀಲನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ಟ್ರಾಫಿಕ್ಕಿನಲ್ಲಿ ನುಗ್ಗುತ್ತಿದ್ದ ಹುಡುಗರು ಎಲ್ಲಿ ಹೋದರು? ಟಾರ್ಚನ್ನು ನೆಲಕ್ಕೆ ಹಿಡಿದು ಸೀಟು ತೋರಿಸುತ್ತಿದ್ದ ಗೇಟ್ ಕೀಪರ್, ಲೇಡೀಸ್ ಕೌಂಟರಿನಲ್ಲಿ ಚಿಲ್ಲರೆ ಎಣಿಸುತ್ತಿದ್ದ ಅಕ್ಕ, ಸೆಕೆಂಡ್ ಶೋ ಬಿಟ್ಟ ಮೇಲೆ ಕಡಲೇಕಾಯಿ ಸಿಪ್ಪೆ ಗುಡಿಸುತ್ತಿದ್ದವರು?

ಆಮೇಲೆ ಡಿಜಿಟಲ್ ಬಂತು, ರೀಲು ಡಬ್ಬಿಗಳು ನಿಂತವು. ಜಾಗದ ಬೆಲೆ ಏರಿತು, ಟಾಕೀಸುಗಳು ಒಂದೊಂದಾಗಿ ಕಾಂಪ್ಲೆಕ್ಸ್ ಆದವು. ಕಪಾಲಿ ಹೋಯಿತು, 2018ರ ಕೊನೆಗೆ ರೆಕ್ಸ್ ಮುಚ್ಚಿತು. ದೊಡ್ಡಪ್ಪನ ಟಾಕೀಸು ಮುಚ್ಚಿದಾಗ ಅವರ ಕೈಗೆ ಬಂದಿದ್ದು ಎರಡು ತಿಂಗಳ ಸಂಬಳ ಅಷ್ಟೇ. ಅವರು ಅದನ್ನು ಇವತ್ತಿಗೂ ಜೋರಾಗಿ ಹೇಳುವುದಿಲ್ಲ. ನನಗೆ ಮಾತ್ರ ಸಿಟ್ಟು ಇಳಿದಿಲ್ಲ.

ಅದಕ್ಕೇ ಒಂದು ಕೇಳಿಕೆ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಯಾರಾದರೂ ಟಾಕೀಸಿನಲ್ಲಿ ದುಡಿದವರಿದ್ದರೆ ಹೋಗಿ ಮಾತಾಡಿಸಿ. ಸುಮ್ನೆ ಕೂತು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಹಳೇ ಆಪರೇಟರ್ ಲೈಸೆನ್ಸು, ಹರಿದ ಟಿಕೆಟ್ ಪುಸ್ತಕ, ಏನಿದ್ದರೂ ಎಸೆಯಬೇಡಿ. ನಾನು ಒಂದು ನೋಟ್‌ಬುಕ್ ತಂದಿದ್ದೀನಿ, ಬಾಗಿಲ ಹತ್ತಿರ ಕೂತಿರುತ್ತೇನೆ. ಹೋಗುವಾಗ ಅವರ ಹೆಸರು, ಯಾವ ಟಾಕೀಸು, ಏನು ಕೆಲಸ, ಇಷ್ಟು ಬರೆಸಿ ಹೋಗಿ. ಮೊದಲ ಸಾಲಿನಲ್ಲಿ ದೊಡ್ಡಪ್ಪನ ಹೆಸರು ಬರೆದಿದ್ದೀನಿ.