ತೋಟದ ಕೆರೆಯಲ್ಲಿ ಮೀನು ಯಾಕೆ ದಪ್ಪ ಆಗಲ್ಲ?

ಈ ಡ್ರೋನ್ ಶಾಟ್‌ನಲ್ಲಿ ಸಿಲ್ವರ್ ಓಕ್ ಮರಗಳ ನಡುವೆ ಕಪ್ಪಗೆ ಹೊಳೀತಿದೆಯಲ್ಲ, ಅದು ಕೊಡಗಿನ ಸುಂಟಿಕೊಪ್ಪದ ಹತ್ರ ನಮ್ಮ ಮಾವನ ತೋಟದ ಕೆರೆ. ಇದನ್ನ ತೋಡಿಸಿದ್ದು ಮೀನಿಗಲ್ಲ, ಫೆಬ್ರವರಿ-ಮಾರ್ಚ್‌ನಲ್ಲಿ ರೊಬಸ್ಟಾ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯೋಕೆ. ಕಾಫಿ ಗಿಡ ತೆಗೆಯೋಕೆ ಮನಸ್ಸಿಲ್ಲ, ನೀರು ಮಾತ್ರ ಜಾಸ್ತಿ ಬೇಕು. ಹಾಗಾಗಿ ಜೆಸಿಬಿ ತರಿಸಿ ನೆಟ್ಟಗೆ ಕೆಳಕ್ಕೆ ಅಗೆಸಿದ್ದಾರೆ. 15 ಅಡಿ ಆಳ, ದಡ ಗೋಡೆ ಥರ.

ಮೀನಿನ ಯೋಚನೆ ಬಂದಿದ್ದು ಆಮೇಲೆ. "ಇಷ್ಟು ನೀರಿದೆ, ಬಿಟ್ರೆ ಅದರ ಪಾಡಿಗೆ ಬೆಳೀತದೆ" ಅಂದ್ರು ಮಾವ. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ನಾಲ್ಕೂ ಬಿಟ್ರು. ಒಳ್ಳೆ ಕೊಳದಲ್ಲಿ ವರ್ಷಕ್ಕೆ ಒಂದು ಕೆಜಿ ಆಸುಪಾಸು ಬರೋ ಕಾಟ್ಲಾ ಇಲ್ಲಿ ಅದರ ಕಾಲು ಭಾಗ ಇಲ್ಲ. ಈಗ ಬಲೆ ಎಳೀತಿದ್ದಾರೆ, ನೀವೇ ನೋಡಿ.

ಎಲ್ಲರೂ ಮೊದಲು ಬೈಯೋದು ಮರಿಯನ್ನ, ಆಮೇಲೆ ತಿಂಡಿಯನ್ನ. ನನ್ನ ಪ್ರಕಾರ ತಪ್ಪು ಗುಂಡಿಯ ಆಕಾರದ್ದು.

ಕಾಟ್ಲಾ ಮೇಲ್ಗಡೆ ಮೇಯತ್ತೆ, ರೋಹು ನಡುವೆ, ಮೃಗಾಲ್ ಮತ್ತೆ ಗೆಂಡೆ ತಳದಲ್ಲಿ. ಒಂದೇ ಕೆರೆಗೆ ನಾಲ್ಕೂ ಬಿಡೋದರ ಲೆಕ್ಕಾಚಾರವೇ ಅದು. ಆದ್ರೆ ಬಿಸಿಲು ಇಳಿಯೋದು ಮೇಲಿನ ಕೆಲವು ಅಡಿಗೆ ಮಾತ್ರ. ಪಾಚಿ, ಪ್ಲವಕ (ನೀರಲ್ಲಿ ತೇಲೋ ಸೂಕ್ಷ್ಮ ಜೀವಿಗಳು) ಹುಟ್ಟೋದು ಅಲ್ಲೇ, ಆಮ್ಲಜನಕ ಸಿಗೋದೂ ಅಲ್ಲೇ. ಕೆಳಗೆ ತಣ್ಣಗಿನ ನೀರು, ಕೊಳೆಯೋ ಸಿಲ್ವರ್ ಓಕ್ ಎಲೆ, ಉಸಿರಾಡೋಕೆ ಗಾಳಿಯಿಲ್ಲ. ತಳದ ಮೀನು ತಳಕ್ಕೇ ಹೋಗಲ್ಲ. ನಾಲ್ಕು ಜಾತಿಯೂ ಮೇಲಿನ ಒಂದೇ ಪದರದಲ್ಲಿ ಕಚ್ಚಾಡ್ತಾವೆ.

ಅದಕ್ಕೇ ಮರಿಯನ್ನ ಕೆರೆಯ ವಿಸ್ತೀರ್ಣ ನೋಡಿ ಬಿಡ್ಬೇಕು, ಎಕರೆಗೆ 3000ದಿಂದ 4000. ಆಳ ನೋಡಿ ಅಲ್ಲ. ಗೆಂಡೆ ಜಾತಿಗೆ, ಅಂದ್ರೆ ಈ ನಾಲ್ಕಕ್ಕೂ, 5ರಿಂದ 7 ಅಡಿ ನೀರು ಧಾರಾಳ. 3 ಅಡಿಗಿಂತ ಕಮ್ಮಿ ಆದ್ರೆ ಬೇಸಿಗೆಯಲ್ಲಿ ಕಾಯತ್ತೆ, ಕಳೆ ತುಂಬ್ಕೊಳ್ಳತ್ತೆ.

ಆಳದ ಕೆರೆಯಲ್ಲಿ ಇನ್ನೊಂದು ಅಪಾಯ ಇದೆ. ಬಿಸಿಲು ಕಾದ ಮೇಲೆ ಮೊದಲ ದೊಡ್ಡ ಮಳೆ ಹೊಡೆದಾಗ ಮೇಲಿನ ನೀರು ತಣ್ಣಗಾಗಿ ಇಳಿಯತ್ತೆ, ತಳದ ಕೊಳಕು ನೀರು ಮೇಲೇಳತ್ತೆ. ಮಾರನೆ ಬೆಳಗ್ಗೆ ಮೀನೆಲ್ಲ ಬಾಯಿ ಮೇಲೆತ್ತಿ ಗುಟುಕರಿಸ್ತಾ ಇರ್ತಾವೆ. ಆಮ್ಲಜನಕ ದಿನದಲ್ಲಿ ಅತಿ ಕಮ್ಮಿ ಇರೋದೇ ಬೆಳಕು ಹರಿಯೋ ಹೊತ್ತಲ್ಲಿ.

ನಮ್ಮ ಕಡೆ ನೆರಳೂ ಒಂದು ಸಮಸ್ಯೆ. ಕಾಫಿಗೆ ನೆರಳು ಬೇಕು, ಮೀನಿಗೆ ಬಿಸಿಲು. ನೀರು 25 ಡಿಗ್ರಿ ದಾಟಿದ್ರೆ ಗೆಂಡೆಗಳಿಗೆ ಹಸಿವು ಚೆನ್ನಾಗಿರತ್ತೆ, ಡಿಸೆಂಬರ್ ಚಳಿಗೆ ತಿಂಡಿ ಮುಟ್ಟೋದೇ ಕಷ್ಟ. ಗಾಳಿ ಬೀಸೋ ದಿಕ್ಕಿಗೆ ಉದ್ದ ಇರೋ ಹಾಗೆ ಕೆರೆ ತೋಡಿ, ಆ ಬದಿಯ ಕೊಂಬೆ ಸವರಿದ್ರೆ ಅಲೆ ಎದ್ದು ಆಮ್ಲಜನಕ ಬೆರೆಯತ್ತೆ. ಕರೆಂಟ್ ಖರ್ಚಿಲ್ಲ.

ಕರೆಂಟ್ ಅಂದಾಗ ನೆನಪಾಯ್ತು, ಇದು ಪಕ್ಕದ ತೋಟದವರ ದುಂಡನೆ ಟಾರ್ಪಾಲಿನ್ ಟ್ಯಾಂಕ್. 4 ಮೀಟರ್ ಅಗಲ, ಸುಮಾರು 12 ಸಾವಿರ ಲೀಟರ್. ದುಂಡಗಿರೋದಕ್ಕೆ ಕಾರಣ ಇದೆ. ನೀರನ್ನ ಸುತ್ತಿಸಿದ್ರೆ ಹಿಕ್ಕೆ, ಉಳಿದ ತಿಂಡಿ ಎಲ್ಲ ನಡುವಿನ ಪೈಪಿನ ಹತ್ರ ಸೇರತ್ತೆ, ವಾಲ್ವ್ ತಿರುಗಿಸಿದ್ರೆ ಹೊರಗೆ. ಚೌಕ ತೊಟ್ಟಿಯ ಮೂಲೆಗಳಲ್ಲಿ ನೀರು ಆಡಲ್ಲ, ಕೊಳಕು ಅಲ್ಲೇ ಕೂರತ್ತೆ. ಗಿಫ್ಟ್ ತಿಲಾಪಿಯಾಗೆ (ಸಾಕೋಕೆ ಅಂತ ಸುಧಾರಿಸಿದ ತಿಲಾಪಿಯಾ ತಳಿ) ಇದು ಒಪ್ಪುವ ಮನೆ. ಆದ್ರೆ ಮರ ಬಿದ್ದು ದಿನಗಟ್ಟಲೆ ಲೈನ್ ಹೋಗೋ ಜುಲೈನಲ್ಲಿ ಗಾಳಿಯ ಮೋಟರ್ ನಿಂತ್ರೆ? ಇಷ್ಟು ದಟ್ಟ ಸಾಕಿದ ಮೀನು ಕೆಲವೇ ಗಂಟೆಯಲ್ಲಿ ಹೋಗತ್ತೆ. ಜನರೇಟರ್ ಇಲ್ಲದವರು ಇದರ ತಂಟೆಗೆ ಹೋಗ್ಬೇಡಿ ಅಂತೀನಿ.

ವಾಪಸ್ ಮಾವನ ಕೆರೆಗೆ. ಮೂರು ಕೆಲಸ ಹೇಳಿದೀನಿ. ಬಿಸಿಲು ಬೀಳೋ ಬದಿಯಲ್ಲಿ ದಡ ಕಡಿದು 4-5 ಅಡಿ ನೀರು ನಿಲ್ಲೋ ಅಗಲವಾದ ಮೆಟ್ಟಿಲು ಮಾಡ್ಬೇಕು. ಮೃಗಾಲ್, ಗೆಂಡೆಗೆ ಆಗ ಮೇಯೋಕೆ ತಳ ಸಿಗತ್ತೆ. ಪಂಪ್ ನೀರು ಎಳೆಯೋ ಪೈಪಿನ ಬಾಯಿ ಮೇಲೆತ್ತಿ ಕಟ್ಬೇಕು, ಸ್ಪ್ರಿಂಕ್ಲರ್ ಎಷ್ಟೇ ಹೊಡೆದ್ರೂ ಮೀನಿಗೆ 5 ಅಡಿ ಉಳೀಲಿ. ತೋಟದ ನೀರು ಕೆರೆಗೆ ಹರಿಯದ ಹಾಗೆ ಮೇಲ್ದಡದ ಸುತ್ತ ಒಂದು ಕಂದಕ. ಮೆಣಸಿಗೆ ಹೊಡೆದ ಬೋರ್ಡೋ ದ್ರಾವಣದ ಮೈಲುತುತ್ತ (ತಾಮ್ರದ ಸಲ್ಫೇಟ್), ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್‌ನ ಕೊಳೆನೀರು ಎರಡೂ ಮೀನಿಗೆ ವಿಷ. ಹುಳಿ ಮಣ್ಣಿನ ನಮ್ಮ ಮೆದು ನೀರಿನಲ್ಲಂತೂ ತಾಮ್ರದ ವಿಷ ಇನ್ನೂ ಜೋರು. ಹುಳಿ ತಗ್ಗಿಸೋಕೆ ಸುಣ್ಣ ಹಾಕೋದನ್ನ ಮಾತ್ರ ಮಾವ ಮೊದಲಿಂದ ಬಿಟ್ಟಿಲ್ಲ.

ಪೈಪಿಗೂ ಕಂದಕಕ್ಕೂ ಒಪ್ಪಿದ್ರು. ಮೆಟ್ಟಿಲಿಗೆ ಎರಡು ಸಾಲು ರೊಬಸ್ಟಾ ಕೀಳ್ಬೇಕು. "ಈಗಿನ ಕಾಫಿ ರೇಟ್ ಗೊತ್ತುಂಟಾ ನಿಂಗೆ?" ಅಂತ ಕೇಳಿದ್ರು. ಅತ್ತೆ ನನ್ನ ಪರ ಇದ್ದಾರೆ, ನೋಡ್ಬೇಕು.