ಮನೆಯ ಟಾಕೀಸಿಗೆ ರಿಸೀವರ್: ಮೊದಲು ಮಾತು ತಿಳಿಯಲಿ

ಕೇಳುಗರಿಗೆ ನಮಸ್ಕಾರ.

ಈಗ ನೀವು ನನ್ನ ದನಿಯನ್ನು ಕೇಳುತ್ತಿರುವುದು ಬಹುಶಃ ಒಂದೇ ಸ್ಪೀಕರಿನಿಂದ. ಅಡುಗೆಮನೆಯ ಕಟ್ಟೆಯ ಮೇಲಿನ ರೇಡಿಯೊ ಇರಬಹುದು, ಹೊಲದ ಬದುವಿನ ಮೇಲಿಟ್ಟ ಮೊಬೈಲ್ ಇರಬಹುದು. ಧಾರವಾಡ ಆಕಾಶವಾಣಿ 1950ರಿಂದ ನಮ್ಮ ಮನೆಗಳಿಗೆ ಮಾತು ತಲುಪಿಸುತ್ತ ಬಂದಿದೆ. ಮಧ್ಯಮ ತರಂಗದಲ್ಲಿ ಕೇಳುವಾಗ ಸುಮಾರು ಐದು ಸಾವಿರ ಹರ್ಟ್ಸ್, ಅಂದರೆ ಸೆಕೆಂಡಿಗೆ ಐದು ಸಾವಿರ ಕಂಪನಗಳಿಗಿಂತ ಮೇಲಿನ ನಾದ ಇಲ್ಲವೇ ಇಲ್ಲ ಎನ್ನಬೇಕು. ಆದರೂ ಪೇಟೆಧಾರಣೆಯಾಗಲಿ, ನಾಟಕದೊಳಗಿನ ಪಿಸುಮಾತಾಗಲಿ ನಮಗೆ ಸರಿಯಾಗಿ ತಿಳಿಯುತ್ತದೆ. ಹಾಗಿದ್ದರೆ ಐದು ಸ್ಪೀಕರು, ಮೇಲೆ ತಗ್ಗು ಸ್ವರಗಳಿಗೆಂದೇ ಒಂದು ಸಬ್‌ವೂಫರು ಇರುವ ಮನೆಯಲ್ಲಿ ಮಾತು ಏಕೆ ತಿಳಿಯುವುದಿಲ್ಲ?

ಈ ಪ್ರಶ್ನೆ ನನ್ನದಲ್ಲ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನನ್ನ ಗೆಳೆಯನೊಬ್ಬ ಹೊಸ ಮನೆ ಕಟ್ಟಿಸಿದ. ಗೋಡೆಗೆ ಇನ್ನೂ ಬಣ್ಣ ಆಗಿರಲಿಲ್ಲ, ಹಾಲ್‌ನಲ್ಲಿ ಆಗಲೇ 55 ಇಂಚಿನ ಟಿವಿ ಬಂದು ಕೂತಿತ್ತು. ಜತೆಗೆ ಎಲ್ಲವೂ ಒಂದೇ ಡಬ್ಬಿಯಲ್ಲಿ ಬರುವ ಒಂದು ಹೋಮ್ ಥಿಯೇಟರ್ ಸೆಟ್. ನಾನು ಮೂವತ್ತು ವರ್ಷ ಆಂಪ್ಲಿಫೈಯರ್ ದುರಸ್ತಿ ಮಾಡುತ್ತ ಬಂದವನು ಎಂದು ಅವನ ತಾಯಿಗೆ ಗೊತ್ತು. ಚಹಾ ಕೊಡುತ್ತಲೇ ಹೇಳಿದರು: "ತಮ್ಮಾ, ಹಾಡು ಬಂದ್ರ ಮನಿ ನಡಗತೈತಿ, ಮಾತು ಬಂದ್ರ ಏನೂ ತಿಳಿಯಂಗಿಲ್ಲ. ರಿಮೋಟ್ ಹಿಡಕೊಂಡು ಏರಿಸೋದು ಇಳಿಸೋದು ಇದ ಆಗೇತಿ. ಒಂದೀಟು ನೋಡಪಾ."

ನೋಡಿದೆ. ಐದು ಸ್ಪೀಕರಿಗೆ ಐದು, ಸಬ್‌ವೂಫರಿಗೆ ಒಂದು ಎಂದು ಬೇರೆ ಬೇರೆ ಚಾನೆಲ್ಲಿನಲ್ಲಿ ಬರುವ ಸಿನಿಮಾದ ಧ್ವನಿಯಲ್ಲಿ ಪಾತ್ರಗಳ ಮಾತು ಬಹುಪಾಲು ಬರುವುದು ನಡುವಿನ ಸ್ಪೀಕರಿನಿಂದ. ಆ ಸೆಟ್ಟಿನಲ್ಲಿ ನಡುವಿನ ಸ್ಪೀಕರು ಅಂಗೈಯಗಲ ಇತ್ತು. ಅದನ್ನೂ ಟಿವಿ ಸ್ಟ್ಯಾಂಡಿನ ಕೆಳಗಿನ ಖಾನೆಯಲ್ಲಿ, ಗಾಜಿನ ಬಾಗಿಲ ಹಿಂದೆ ಇಟ್ಟಿದ್ದರು. ಮಾತು ಕೇಳುವವರ ಮೊಣಕಾಲಿಗೆ ಹೋಗುತ್ತಿತ್ತು. ಅದನ್ನು ಹೊರಗೆ ತೆಗೆದು, ಟಿವಿಯ ಕೆಳ ಅಂಚಿಗೆ ಹೊಂದಿಸಿ, ಮುಂಭಾಗ ತುಸು ಎತ್ತಿ ಕಿವಿಯ ಕಡೆಗೆ ತಿರುಗಿಸಿದೆ. ಖರ್ಚಿಲ್ಲದೆ ಅರ್ಧ ದೂರು ಕಡಿಮೆಯಾಯಿತು. ಉಳಿದರ್ಧಕ್ಕೆ ರಿಸೀವರ್ ಬೇಕಾಯಿತು.

ರಿಸೀವರ್ ಮಾಡುವ ಕೆಲಸ ಇಷ್ಟು. ಸೆಟ್‌ಟಾಪ್ ಬಾಕ್ಸ್, ಡಿಸ್ಕ್ ಪ್ಲೇಯರ್, ಟಿವಿ, ಇವುಗಳಿಂದ ಬರುವ ಸಂಕೇತವನ್ನು ಬಿಡಿಸಿ, ಯಾವ ಸ್ಪೀಕರಿಗೆ ಯಾವ ಧ್ವನಿ ಹೋಗಬೇಕೆಂದು ಹಂಚಿ, ಪ್ರತಿಯೊಂದಕ್ಕೂ ಬೇರೆ ಬೇರೆಯಾಗಿ ಬಲ ತುಂಬಿ ಕಳಿಸುವುದು. ಡಬ್ಬಿ ಸೆಟ್ಟಿನಲ್ಲೂ ಇದೇ ನಡೆಯುತ್ತದೆ. ಆದರೆ ಅಲ್ಲಿ ಬಹಳ ಸಲ ಒಂದು ಸ್ಪೀಕರ್ ಕೆಟ್ಟರೆ ಅದೇ ಕಂಪನಿಯ ಅದೇ ಪ್ಲಗ್ಗಿನದೇ ಬೇಕು, ಅದು ಸಿಗುವುದಿಲ್ಲ. ನನ್ನ ಅಂಗಡಿಯ ಅಟ್ಟದ ಮೇಲೆ ಅಂಥ ಎಷ್ಟೋ ಸೆಟ್ಟುಗಳು ಧೂಳು ತಿನ್ನುತ್ತಿವೆ. ರಿಸೀವರಿಗಾದರೆ ಕೆಂಪು-ಕಪ್ಪು ತಿರುಪಿನ ಸಾಮಾನ್ಯ ವೈರು ಸಾಕು. ಇವತ್ತು ಎರಡು ಸ್ಪೀಕರ್ ಕೊಂಡು, ಮುಂದಿನ ವರ್ಷ ನಡುವಿನದನ್ನು ಸೇರಿಸಿ, ಕೈಗೆ ದುಡ್ಡು ಬಂದಾಗ ಹಿಂದಿನವನ್ನು ಕೊಳ್ಳಬಹುದು. ನಡುವಿನದು ಇಲ್ಲವೆಂದು ಸೆಟ್ಟಿಂಗಿನಲ್ಲಿ ಹೇಳಿದರೆ ರಿಸೀವರ್ ಆ ಮಾತನ್ನು ಎಡಬಲದ ಎರಡಕ್ಕೂ ಸಮನಾಗಿ ಹಂಚುತ್ತದೆ. ಸಣ್ಣ ಸ್ಪೀಕರಿನ ಐದಕ್ಕಿಂತ ಒಳ್ಳೆಯ ಎರಡು ಮೇಲು. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಇನ್ನು ವ್ಯಾಟು. ಅಂಗಡಿಗೆ ಹೋದ ಕೂಡಲೇ ಕಿವಿಗೆ ಬೀಳುವ ಮೊದಲ ಮಾತು ಅದೇ. "ಸಾವಿರ ವ್ಯಾಟ್ ಐತ್ರೀ ಸರ." ನಾನು ಆ ಯಂತ್ರವನ್ನು ಹಿಂದಕ್ಕೆ ತಿರುಗಿಸಿ ಅದರ ಬೆನ್ನ ಮೇಲಿನ ಪಟ್ಟಿ ಓದುತ್ತೇನೆ. ಅದು ಕರೆಂಟಿನಿಂದ ಎಷ್ಟು ಎಳೆದುಕೊಳ್ಳುತ್ತದೆ ಎಂದು ಅಲ್ಲಿ ಬರೆದಿರುತ್ತದೆ. ನಾನೂರು ವ್ಯಾಟ್ ಎಳೆದುಕೊಳ್ಳುವ ಯಂತ್ರ ಸಾವಿರ ವ್ಯಾಟನ್ನು ಹೊತ್ತುಗಟ್ಟಲೆ ಹೊರಗೆ ಕೊಡಲಾರದು. ಬಾವಿಯ ಸೆಲೆಗಿಂತ ಹೆಚ್ಚು ನೀರನ್ನು ಪಂಪು ಎತ್ತಲು ಸಾಧ್ಯವೇ? ಆ ಸಾವಿರ ಹೇಗೆ ಬಂತೆಂದರೆ, ಒಂದೇ ಚಾನೆಲ್ ಓಡಿಸಿ, ಒಂದೇ ಸ್ವರ ನುಡಿಸಿ, ಧ್ವನಿ ನೂರಕ್ಕೆ ಹತ್ತರಷ್ಟು ಕೆಡುವವರೆಗೆ ಏರಿಸಿ ಅಳೆದದ್ದನ್ನು ಚಾನೆಲ್ಲುಗಳ ಸಂಖ್ಯೆಯಿಂದ ಗುಣಿಸಿದ್ದಾರೆ. ನೀವು ಕೇಳಬೇಕಾದ ಅಂಕಿ ಬೇರೆ. ಎಂಟು ಓಮ್ ತಡೆಯ ಸ್ಪೀಕರಿಗೆ, ಎರಡು ಚಾನೆಲ್ ಒಟ್ಟಿಗೆ ಓಡಿಸಿದಾಗ, 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ, ಕೆಡುವಿಕೆ 0.1 ಪ್ರತಿಶತಕ್ಕಿಂತ ಕಡಿಮೆ ಇದ್ದಾಗ ಎಷ್ಟು ವ್ಯಾಟ್? ಅದಕ್ಕೆ ಉತ್ತರ 70 ಅಥವಾ 80 ಎಂದು ಬಂದರೆ ನಮ್ಮ ಮನೆಗಳ ಹಾಲ್‌ಗೆ ಧಾರಾಳ.

ಧಾರಾಳ ಏಕೆ ಎಂದು ಲೆಕ್ಕ ಹಾಕೋಣ. ಸಾಧಾರಣ ಸ್ಪೀಕರು ಒಂದೇ ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್‌ನಷ್ಟು ಸದ್ದು ಕೊಡುತ್ತದೆ. ನಾವು ಎದುರು ಬದುರು ಕೂತು ಆಡುವ ಮಾತು 60ರ ಆಸುಪಾಸು. ಅಂದರೆ ಸಿನಿಮಾದ ಮಾತುಕತೆಗೆ ನಿಮ್ಮ ರಿಸೀವರ್ ಒಂದು ವ್ಯಾಟೂ ಖರ್ಚು ಮಾಡುವುದಿಲ್ಲ. ಗುಡುಗು, ಸ್ಫೋಟ, ಡೊಳ್ಳು ಬಂದಾಗ ಮಾತ್ರ ಕ್ಷಣಕಾಲ ಹತ್ತಾರು ವ್ಯಾಟ್ ಬೇಕು. ಮತ್ತೆ ವ್ಯಾಟು ಇಮ್ಮಡಿಯಾದರೆ ಏರುವುದು ಮೂರೇ ಡೆಸಿಬೆಲ್. ಕಿವಿಗೆ ಇಮ್ಮಡಿ ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ 80ರ ಬದಲು 100 ವ್ಯಾಟಿನದಕ್ಕೆ ಹೆಚ್ಚಿನ ದುಡ್ಡು ಕೊಡುವವರು ಆ ದುಡ್ಡನ್ನು ನಡುವಿನ ಸ್ಪೀಕರಿಗೆ ಹಾಕಲಿ. ಇನ್ನೊಂದು ಹಳೆಯ ಪರೀಕ್ಷೆ, ಎರಡೂ ಕೈಯಲ್ಲಿ ಎತ್ತಿ ನೋಡುವುದು. ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ರಿಸೀವರ್ ಎಂಟು ಹತ್ತು ಕಿಲೋ ತೂಗುತ್ತದೆ. ನಾಲ್ಕು ಓಮಿನ ಸ್ಪೀಕರ್ ನಿಮ್ಮಲ್ಲಿದ್ದರೆ ರಿಸೀವರ್ ಅದನ್ನು ತಾಳುತ್ತದೆಯೇ ಎಂದು ಕೈಪಿಡಿಯಲ್ಲಿ ಓದಿಯೇ ದುಡ್ಡು ಕೊಡಿ.

ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಯ ಅಂಗಡಿಗಳಿಗೆ ಹೊರಡುವ ಮೊದಲು ನಿಮ್ಮ ಟಿವಿಯ ಹಿಂಭಾಗದ ಫೋಟೋ ತೆಗೆದುಕೊಳ್ಳಿ. ಚಿತ್ರ, ಧ್ವನಿ ಎರಡನ್ನೂ ಒಯ್ಯುವ ಕೇಬಲ್ಲಿನ ಎಚ್‌ಡಿಎಂಐ ತೂತುಗಳಲ್ಲಿ ಒಂದರ ಮೇಲೆ ಎಆರ್‌ಸಿ ಅಥವಾ ಇ-ಎಆರ್‌ಸಿ ಎಂದಿರುತ್ತದೆ. ಟಿವಿಯೊಳಗಿನ ಆ್ಯಪ್‌ಗಳ ಧ್ವನಿ ಒಂದೇ ಕೇಬಲ್ಲಿನಲ್ಲಿ ರಿಸೀವರಿಗೆ ಮರಳಿ ಬರುವುದು ಅಲ್ಲಿಂದಲೇ. ಎಆರ್‌ಸಿ 2009ರಿಂದ ಇದೆ, ಆ್ಯಪ್‌ಗಳ ಸಿನಿಮಾಕ್ಕೆ ಅದು ಸಾಕು. ಬ್ಲೂ-ರೇ ಪ್ಲೇಯರನ್ನು ಟಿವಿಗೆ ಜೋಡಿಸಿ ಅದರ ಪೂರ್ಣ ಧ್ವನಿ ರಿಸೀವರಿಗೆ ಬೇಕೆಂದರೆ ಇ-ಎಆರ್‌ಸಿ ಬೇಕು. ಪ್ಲೇಯರನ್ನು ನೇರ ರಿಸೀವರಿಗೇ ಜೋಡಿಸಿದರೆ ಆ ಚಿಂತೆಯೂ ಇಲ್ಲ. ಮಕ್ಕಳು ಟಿವಿಯಲ್ಲಿ ಗೇಮ್ ಆಡುವ ಮನೆಯಾದರೆ ಮಾತ್ರ ಸೆಕೆಂಡಿಗೆ 120 ಚಿತ್ರಗಳನ್ನು ದಾಟಿಸುವ ಎಚ್‌ಡಿಎಂಐ 2.1 ಇದೆಯೇ ಎಂದು ವಿಚಾರಿಸಿ.

ಮೇಲಿನಿಂದಲೂ ಧ್ವನಿ ಬರುವ ಡಾಲ್ಬಿ ಅಟ್ಮಾಸ್ 2012ರಲ್ಲಿ ಚಿತ್ರಮಂದಿರಕ್ಕೆ ಬಂತು, ಆಮೇಲೆ ಮನೆಗೂ. ಛಾವಣಿಗೆ ಬಡಿದು ಧ್ವನಿ ಕೆಳಗಿಳಿಯುವಂಥ ಸ್ಪೀಕರಿಗೆ ಸಮತಟ್ಟಾದ ಆರ್‌ಸಿಸಿ ಛಾವಣಿ ಬೇಕು. ಧಾರವಾಡದ ಹಂಚಿನ ಮನೆಗಳ ಇಳಿಜಾರು ಮಾಡಿಗೆ ಅದು ಹೊಂದುವುದಿಲ್ಲ.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಕೋಣೆಯ ಹತ್ತಿರ. ನಮ್ಮ ಹೊಸ ಮನೆಗಳ ಹಾಲ್ ನೋಡಿ: ನೆಲಕ್ಕೆ ಹೊಳೆಯುವ ಟೈಲ್ಸ್, ಒಂದು ಗೋಡೆ ತುಂಬ ಗಾಜಿನ ಶೋಕೇಸ್, ಮೇಲೆ ಕಾಂಕ್ರೀಟ್. ಚಪ್ಪಾಳೆ ತಟ್ಟಿದರೆ ಟಂಯ್ ಎಂದು ಮರುದನಿ. ಸ್ಪೀಕರಿನ ಮಾತು ಒಂದು ಸಲ ನೇರ ಕಿವಿಗೆ ಬರುತ್ತದೆ, ಅದರ ಬೆನ್ನಿಗೇ ನೆಲ, ಗಾಜು, ಗೋಡೆಗಳಿಂದ ಹತ್ತಾರು ಸಲ ಬರುತ್ತದೆ. ಅಕ್ಷರದ ಮೇಲೆ ಅಕ್ಷರ ಬಿದ್ದು ಕಲಸಿಹೋಗುತ್ತದೆ. ಎಷ್ಟು ಬೆಲೆಯ ರಿಸೀವರ್ ತಂದರೂ ಇದನ್ನು ಪೂರ್ತಿ ಅಳಿಸಲಾರದು. ಗೆಳೆಯನ ಮನೆಯಲ್ಲಿ ನಾನು ಕೇಳಿದ್ದು ನವಲಗುಂದದ ಜಮಖಾನ. ಸ್ಪೀಕರಿಗೂ ಸೋಫಾಕ್ಕೂ ನಡುವೆ ಅದನ್ನು ಹಾಸಿದೆವು. ಅವನ ತಾಯಿ ಟ್ರಂಕಿನಿಂದ ತಮ್ಮ ಕೈಯಾರೆ ಹೊಲಿದ ಎರಡು ಕೌದಿ ತಂದುಕೊಟ್ಟರು. ಸೋಫಾದ ಹಿಂದಿನ ಗೋಡೆಗೆ ಕೋಲು ಕಟ್ಟಿ ಒಂದನ್ನು ತೂಗುಹಾಕಿದೆವು. ಹಳೆಯ ಸೀರೆ, ಧೋತರದ ಪದರ ಪದರ ಕೂಡಿ ಆದ ಕೌದಿ ಮೇಲಿನ ಸ್ವರಗಳ ಪ್ರತಿಧ್ವನಿಯನ್ನು ಚೆನ್ನಾಗಿ ಹೀರುತ್ತದೆ. ಈ ಸಲ ಚಪ್ಪಾಳೆ ತಟ್ಟಿದಾಗ ಆ ಟಂಯ್ ಬಹಳ ಇಳಿದಿತ್ತು.

ಇದಾದ ಮೇಲೆ ರಿಸೀವರಿನ ಜತೆ ಬರುವ ಸಣ್ಣ ಮೈಕಿನ ಕೆಲಸ. ಡೆನಾನ್ ಕಂಪನಿಯ ಯಂತ್ರಗಳಲ್ಲಿ ಅದಕ್ಕೆ ಆಡಿಸಿ ಎಂಬ ಹೆಸರು, ಯಮಹಾದಲ್ಲಿ ವೈಪಾವೊ, ಇನ್ನು ಕೆಲವು ಯಂತ್ರಗಳಲ್ಲಿ ಡಿರಾಕ್. ನೀವು ಕೂರುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ಮೈಕ್ ಇಟ್ಟರೆ, ರಿಸೀವರ್ ಒಂದೊಂದೇ ಸ್ಪೀಕರಿನಿಂದ ಸದ್ದು ಹೊರಡಿಸಿ ಅಳೆಯುತ್ತದೆ. ಶಬ್ದ ಒಂದು ಮೀಟರ್ ನಡೆಯಲು ಸುಮಾರು ಮೂರು ಮಿಲಿಸೆಕೆಂಡ್ ಬೇಕು. ಹತ್ತಿರದ ಸ್ಪೀಕರನ್ನು ಅಷ್ಟು ತಡೆದು, ದೂರದ್ದನ್ನು ಮುಂಚೆ ಬಿಟ್ಟು, ಎಲ್ಲವೂ ಒಟ್ಟಿಗೆ ನಿಮ್ಮ ಕಿವಿ ಮುಟ್ಟುವಂತೆ ಅದು ಹೊಂದಿಸಿಕೊಳ್ಳುತ್ತದೆ. ಈ ಸೌಲಭ್ಯ ಇಲ್ಲದ ರಿಸೀವರನ್ನು ಕೊಳ್ಳಬೇಡಿ ಎಂದೇ ನನ್ನ ಸಲಹೆ. ಆದರೆ ಅಳತೆಯ ಹೊತ್ತಿಗೆ ಫ್ಯಾನ್ ಆರಿಸಿರಬೇಕು, ಕುಕ್ಕರ್ ಸೀಟಿ ಇರಬಾರದು, ಕಾಯಿಪಲ್ಲೆ ಗಾಡಿಯ ಕೂಗು ಬರಬಾರದು. ನಾವು ನಸುಕಿನ ಐದಕ್ಕೆ ಎದ್ದು ಮಾಡಿದೆವು.

ಸಬ್‌ವೂಫರಿನ ಗಡಿಯನ್ನು 80 ಹರ್ಟ್ಸ್‌ಗೆ ಇಟ್ಟೆವು. ಅದರ ಕೆಳಗಿನದು ಸಬ್‌ಗೆ, ಮೇಲಿನದು ಉಳಿದವಕ್ಕೆ. ಈ ಗಡಿ ಸರಿಯಾಗಿ ಬೆಸೆದಿದೆಯೇ ಎಂದು ತಿಳಿಯಲು ನಮ್ಮ ಭಾಗದವರಿಗೆ ಸ್ಫೋಟದ ಸಿನಿಮಾ ಬೇಡ. ತಂಬೂರಿ ಸಾಕು. ಗಂಡುದನಿಯ ತಂಬೂರಿಯನ್ನು ಹಾರ್ಮೋನಿಯಂನ ಕಪ್ಪು ಒಂದಕ್ಕೆ ಶ್ರುತಿ ಮಾಡಿದರೆ ಖರ್ಜದ, ಅಂದರೆ ಎಲ್ಲಕ್ಕಿಂತ ತಗ್ಗಿನ ತಂತಿ ನುಡಿಯುವುದು ಸುಮಾರು 69 ಹರ್ಟ್ಸ್‌ನಲ್ಲಿ, ಜೋಡಿ ತಂತಿಗಳು ಅದರ ಇಮ್ಮಡಿಯಲ್ಲಿ. ಅಂದರೆ ಖರ್ಜದ ಬುಡ ಸಬ್‌ನಿಂದ, ಅದರ ಮೇಲಿನ ಝೇಂಕಾರವೆಲ್ಲ ಮುಂದಿನ ಸ್ಪೀಕರಿನಿಂದ ಬರಬೇಕು, ಬಂದರೂ ಒಂದೇ ತಂಬೂರಿ ಅನ್ನಿಸಬೇಕು. ಬುಡ ಮೂಲೆಯಲ್ಲಿ, ಝೇಂಕಾರ ಎದುರಿನಲ್ಲಿ ಕೇಳಿದರೆ ಸಬ್ ಇಟ್ಟ ಜಾಗ ತಪ್ಪು, ಇಲ್ಲವೇ ಅದರ ವಾಲ್ಯೂಮ್ ಹೆಚ್ಚು. ಮಲ್ಲಿಕಾರ್ಜುನ ಮನಸೂರರ, ಬಸವರಾಜ ರಾಜಗುರುಗಳ ದನಿ ಕೇಳಿ ಬೆಳೆದ ಕಿವಿಗಳಿಗೆ ಇದನ್ನು ಗುರುತಿಸುವುದು ಕಷ್ಟವಲ್ಲ. ನಾವು ಸಬ್ ಅನ್ನು ಮೂಲೆಯಿಂದ ಎರಡು ಅಡಿ ಈಚೆಗೆ ಸರಿಸಿದ ಮೇಲೆ ತಂಬೂರಿ ಒಂದಾಯಿತು. ಅಂದಹಾಗೆ ಸಂಗೀತ ಕೇಳುವಾಗ ರಿಸೀವರನ್ನು ಸ್ಟೀರಿಯೊಗೆ ತಿರುಗಿಸಿ. ಹಾಡುವವರನ್ನು ನಮ್ಮ ಬೆನ್ನ ಹಿಂದೆಯೂ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ.

ರಾತ್ರಿ ಸಿನಿಮಾ ನೋಡುವವರಿಗೆ ಒಂದು ಮಾತು. ಹೆಚ್ಚಿನ ರಿಸೀವರುಗಳಲ್ಲಿ ದೊಡ್ಡ ಸದ್ದನ್ನು ತಗ್ಗಿಸಿ ಸಣ್ಣದನ್ನು ಎತ್ತುವ ರಾತ್ರಿ ಸೆಟ್ಟಿಂಗ್ ಇರುತ್ತದೆ. ಅದರ ಮೇಲೆ ನಡುವಿನ ಸ್ಪೀಕರನ್ನು ಎರಡು ಡೆಸಿಬೆಲ್ ಏರಿಸಿ. ಪಕ್ಕದ ಕೋಣೆಯಲ್ಲಿ ಮಲಗಿದ ಹಿರಿಯರಿಗೂ ತೊಂದರೆಯಿಲ್ಲ, ನಿಮಗೂ ಮಾತು ತಪ್ಪುವುದಿಲ್ಲ.

ಮಕ್ಕಳು ಅಮೆರಿಕದಲ್ಲಿರುವ ಮನೆಗಳಿಂದ ನನ್ನ ಅಂಗಡಿಗೆ ವರ್ಷಕ್ಕೆ ಒಂದೆರಡಾದರೂ ಸುಟ್ಟ ರಿಸೀವರ್ ಬರುತ್ತವೆ. ಅಲ್ಲಿ ಅಗ್ಗವೆಂದು ಮಗ ಪ್ರೀತಿಯಿಂದ ಹೊತ್ತು ತಂದಿರುತ್ತಾನೆ. ಅಲ್ಲಿನ ಕರೆಂಟು 120 ವೋಲ್ಟ್, ನಮ್ಮದು 230. ಪಿನ್ ಬದಲಿಸುವ ಸಣ್ಣ ಅಡಾಪ್ಟರ್ ಹಾಕಿ ಸ್ವಿಚ್ ಒತ್ತುತ್ತಾರೆ, ಒಂದು ಸಲ ಚಟ್ ಎನ್ನುತ್ತದೆ, ಮುಗಿಯಿತು. ತಂದೆ ಅದನ್ನು ಟವೆಲ್ಲಿನಲ್ಲಿ ಸುತ್ತಿ ತರುತ್ತಾರೆ. "ಮಗಗ ಹೇಳಬ್ಯಾಡ್ರಿ, ಬ್ಯಾಸರ ಮಾಡ್ಕೋತಾನ" ಅಂದವರೂ ಇದ್ದಾರೆ. ದಯವಿಟ್ಟು ಹಿಂಭಾಗದ ಪಟ್ಟಿಯಲ್ಲಿ 230 ವೋಲ್ಟ್ ಎಂದಿದೆಯೇ ಓದಿ. 120 ಎಂದಿದ್ದರೆ ವೋಲ್ಟೇಜ್ ಇಳಿಸುವ ದೊಡ್ಡ ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ ಮುಟ್ಟಬೇಡಿ. ಆಗಲೂ ಇಲ್ಲಿ ವಾರಂಟಿ ಸಿಗುವುದು ಕಷ್ಟ. ಇಲ್ಲೇ, ಬಿಲ್ಲಿನ ಮೇಲೆ ಕೊಳ್ಳುವುದು ಕೊನೆಗೆ ಅಗ್ಗ.

ಏಪ್ರಿಲ್, ಮೇ ತಿಂಗಳ ಅಡ್ಡಮಳೆಯ ಗುಡುಗು ನಿಮಗೆ ಗೊತ್ತೇ ಇದೆ. ಆ ಹೊತ್ತಿಗೆ ಪ್ಲಗ್ ಕಿತ್ತರೆ ಸಾಲದು, ಡಿಶ್ ಕೇಬಲ್ಲನ್ನೂ ಬಿಚ್ಚಿ. ನನ್ನ ಸ್ವಂತ ರಿಸೀವರಿನ ಎಚ್‌ಡಿಎಂಐ ಬೋರ್ಡ್ ಹೋದದ್ದು ಆ ಕೇಬಲ್ಲಿನಿಂದ ಇಳಿದ ಸಿಡಿಲಿನ ಹೊಡೆತಕ್ಕೆ. ಪ್ಲಗ್ ಕಿತ್ತೇ ಇಟ್ಟಿದ್ದೆ. ಬೇಸಿಗೆಯಲ್ಲಿ ರಿಸೀವರಿನ ಮೇಲೆ ಅರ್ಧ ಅಡಿಯಾದರೂ ಬಯಲು ಬಿಡಿ, ಅದರ ನೆತ್ತಿಯ ಮೇಲೆ ಸೆಟ್‌ಟಾಪ್ ಬಾಕ್ಸ್ ಇಡಬೇಡಿ.

ಗೆಳೆಯನ ಮನೆಗೆ ಕೊನೆಗೆ ಬಂದದ್ದು ಏಳು ಚಾನೆಲ್ಲಿನ, 80 ವ್ಯಾಟಿನ ರಿಸೀವರ್. ಮುಂದೆ ಮೂರು ಸ್ಪೀಕರ್, ಒಂದು ಸಬ್. ಹಿಂದಿನವು ಇನ್ನೂ ಬಂದಿಲ್ಲ. ಆದರೆ ಬಣ್ಣ ಹಚ್ಚುವ ಮೊದಲೇ ಗೋಡೆಯೊಳಗೆ ಕೊಳವೆ ಹಾಕಿಸಿ, ಕೂರುವ ಜಾಗದ ಎರಡೂ ಬದಿಗೆ, ತುಸು ಹಿಂದಕ್ಕೆ, ವೈರ್ ಎಳೆಸಿ ಇಟ್ಟಿದ್ದೇವೆ. ಹೋದ ವಾರ ಹೋದಾಗ ಅವನ ತಾಯಿ ರಿಮೋಟನ್ನು ಟೀಪಾಯಿಯ ಮೇಲೆ ಬಿಟ್ಟು, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಧಾರಾವಾಹಿ ಕೇಳುತ್ತಿದ್ದರು.

ನಮಸ್ಕಾರ.