‘ನೋ ಸಿಗ್ನಲ್’ ಎಂದದ್ದು ಟಿ.ವಿ.ಯೋ, ಬಾಕ್ಸೋ?

ನಮಸ್ಕಾರ. ದಾವಣಗೆರೆಯ ಯಾವುದೇ ಬಡಾವಣೆಯಲ್ಲಿ ಸಂಜೆ ಟಿ.ವಿ. ತೆರೆಯ ಮೇಲೆ ‘ನೋ ಸಿಗ್ನಲ್’ ಎಂಬ ಬರಹ ಮೂಡಿತೆಂದರೆ ಮನೆಯವರು ಮೊದಲು ಕೇಬಲ್‌ನವರಿಗೆ ಫೋನ್ ಮಾಡುತ್ತಾರೆ. ಅವರು ಬರುವುದು ತಡವಾದರೆ ಟಿ.ವಿ.ಯ ಹಿಂದೆ ಕೈ ಹಾಕಿ, ಸಿಕ್ಕ ತಂತಿಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಲು ತೊಡಗುತ್ತಾರೆ. ಈ ಎರಡು ಕೆಲಸಗಳಿಗೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಆ ಬರಹವನ್ನು ತೆರೆಯ ಮೇಲೆ ಹಾಕಿದ್ದು ಟಿ.ವಿ.ಯೋ ಅಥವಾ ಸೆಟ್-ಟಾಪ್ ಬಾಕ್ಸೋ? ಈ ಒಂದು ಪ್ರಶ್ನೆಯನ್ನು ನಮ್ಮ ಊರುಗಳ ಮನೆಮನೆಗೂ ಕಲಿಸದೆ ಬಾಕ್ಸುಗಳನ್ನು ಮಾತ್ರ ಹಂಚಿಬಿಟ್ಟದ್ದು ದೊಡ್ಡ ಲೋಪ ಎಂಬುದು ನನ್ನ ಖಚಿತ ಅಭಿಪ್ರಾಯ.

ಬಾಕ್ಸ್ ಬರುವುದಕ್ಕೆ ಮುಂಚೆ ಬೀದಿಯ ತಂತಿ ನೇರವಾಗಿ ಟಿ.ವಿ.ಯ ಬೆನ್ನಿಗೆ ಬಂದು ಸೇರುತ್ತಿತ್ತು. ಜಾಯಿಂಟ್ ಸಡಿಲವಾದರೆ ಚಿತ್ರದ ಮೇಲೆ ಇರುವೆ ಹರಿದಾಡಿದಂತೆ ಚುಕ್ಕೆಗಳು ಬರುತ್ತಿದ್ದವು. ತಂತಿಯನ್ನು ಸ್ವಲ್ಪ ಅಲುಗಿಸಿದರೆ ಚುಕ್ಕೆ ಕಡಿಮೆಯಾಗುತ್ತಿತ್ತು, ಹಾಗಾಗಿ ದೋಷ ಎಲ್ಲಿದೆ ಎಂಬುದು ಕಣ್ಣಿಗೇ ಕಾಣುತ್ತಿತ್ತು. 2011ರಲ್ಲಿ ಕೇಬಲ್ ಕಾಯ್ದೆಗೆ ತಿದ್ದುಪಡಿ ಬಂದು, 2012ರ ಕೊನೆಯಲ್ಲಿ ಮಹಾನಗರಗಳಿಂದ ಡಿಜಿಟಲೀಕರಣ, ಅಂದರೆ ಮನೆಮನೆಗೂ ಬಾಕ್ಸ್ ಕಡ್ಡಾಯ ಮಾಡುವ ಕೆಲಸ, ಆರಂಭವಾಯಿತು. ಬೆಂಗಳೂರು ಮತ್ತು ಮೈಸೂರು ಎರಡನೆಯ ಹಂತಕ್ಕೆ ಸೇರಿದವು, ದಾವಣಗೆರೆ ಮತ್ತು ಚಿತ್ರದುರ್ಗದಂತಹ ನಗರಗಳಿಗೆ ಮೂರನೆಯ ಹಂತದಲ್ಲಿ 2015ರ ಡಿಸೆಂಬರ್ 31ರ ಗಡುವು ನಿಗದಿಯಾಗಿ, ಅದು ನ್ಯಾಯಾಲಯದ ಪ್ರಕರಣಗಳ ಕಾರಣದಿಂದ ಮತ್ತಷ್ಟು ಮುಂದಕ್ಕೆ ಹೋಯಿತು. ಅಂದಿನಿಂದ ಒಂದು ಸಂಪರ್ಕವಿದ್ದ ಕಡೆ ಎರಡು ಸಂಪರ್ಕಗಳಾದವು. ಬೀದಿಯ ತಂತಿಯಿಂದ ಬಾಕ್ಸಿಗೆ ಒಂದು, ಬಾಕ್ಸಿನಿಂದ ಟಿ.ವಿ.ಗೆ ಇನ್ನೊಂದು. ಯಾವುದು ಕಡಿದರೂ ತೆರೆಯ ಮೇಲೆ ಸಿಗ್ನಲ್ ಇಲ್ಲ ಎಂಬ ಅರ್ಥದ ಮಾತೇ ಬರುತ್ತದೆ. ಗೊಂದಲವೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ಇದನ್ನು ಬಿಡಿಸಲು ಯಾವ ಉಪಕರಣವೂ ಬೇಡ. ಕೇಬಲ್ ಬಾಕ್ಸಿನ ರಿಮೋಟ್ ಹಿಡಿದು ಅದರಲ್ಲಿರುವ ಮೆನು ಬಟನ್ ಒತ್ತಿ. ತೆರೆಯ ಮೇಲೆ ಬಾಕ್ಸಿನ ಮೆನು ಬಂದರೆ ಬಾಕ್ಸಿಗೂ ಟಿ.ವಿ.ಗೂ ನಡುವಿನ ಸಂಪರ್ಕ ಸರಿಯಾಗಿದೆ ಎಂದು ಸಿದ್ಧವಾಯಿತು, ಇನ್ನು ಟಿ.ವಿ.ಯ ಹಿಂದೆ ಕೈ ಹಾಕುವ ಅಗತ್ಯವೇ ಇಲ್ಲ, ಹುಡುಕಬೇಕಾದದ್ದು ಬೀದಿಯಿಂದ ಬಾಕ್ಸಿನವರೆಗಿನ ಹಾದಿಯಲ್ಲಿ ಅಥವಾ ನಿಮ್ಮ ಚಂದಾದಲ್ಲಿ. ಮೆನು ಬಾರದಿದ್ದರೆ, ಅಂದರೆ ಕಪ್ಪು ಅಥವಾ ನೀಲಿ ತೆರೆಯ ಮೇಲೆ ‘ನೋ ಸಿಗ್ನಲ್’ ಮಾತ್ರ ಒಂಟಿಯಾಗಿ ನಿಂತಿದ್ದರೆ, ಅದು ಟಿ.ವಿ.ಯ ಮಾತು, ತನಗೆ ಬಾಕ್ಸಿನಿಂದ ಏನೂ ಬರುತ್ತಿಲ್ಲ ಎಂದು ಅದು ತಿಳಿಸುತ್ತಿದೆ. ಬೀದಿಯ ಕಂಬದಲ್ಲಿ ಎಲ್ಲವೂ ಸರಿಯಿದ್ದರೂ ಅದು ಹಾಗೆಯೇ ಹೇಳುತ್ತದೆ.

ಟಿ.ವಿ.ಯೇ ಹಾಗೆ ಹೇಳುತ್ತಿದ್ದರೆ ಮೊದಲು ನೋಡಬೇಕಾದದ್ದು ‘ಸೋರ್ಸ್’. ಕೆಲವು ಕಂಪನಿಗಳ ರಿಮೋಟಿನಲ್ಲಿ ಇದನ್ನೇ ‘ಇನ್‌ಪುಟ್’ ಎಂದು ಬರೆದಿರುತ್ತಾರೆ. ಇಂದಿನ ಟಿ.ವಿ.ಗೆ ಚಿತ್ರ ಮತ್ತು ಧ್ವನಿ ಎರಡನ್ನೂ ಒಂದೇ ತಂತಿಯಲ್ಲಿ ತರುವ ಎರಡು ಮೂರು ಎಚ್‌ಡಿಎಂಐ ಕಿಂಡಿಗಳು, ಒಂದು ಎ.ವಿ. ಕಿಂಡಿ, ಒಂದು ಆಂಟೆನಾ ಕಿಂಡಿ ಇರುತ್ತವೆ. ಯಾವ ಕಿಂಡಿಯಿಂದ ಬಂದದ್ದನ್ನು ತೋರಿಸಬೇಕೆಂದು ಟಿ.ವಿ.ಗೆ ನಾವೇ ಹೇಳಬೇಕು. ಬಾಕ್ಸ್ ಎಚ್‌ಡಿಎಂಐ 2ರಲ್ಲಿದ್ದು ಟಿ.ವಿ. ಎಚ್‌ಡಿಎಂಐ 1ನ್ನು ನೋಡುತ್ತಿದ್ದರೆ ಬಾಕ್ಸ್ ಎಷ್ಟೇ ಸರಿಯಿದ್ದರೂ ಚಿತ್ರ ಬಾರದು. ಮಗು ಆಡುತ್ತಾ ರಿಮೋಟ್ ಒತ್ತಿದ್ದು, ಮೊಬೈಲಿನ ಚಿತ್ರವನ್ನು ಟಿ.ವಿ.ಗೆ ಕಳಿಸಿ ನೋಡಿದ್ದು, ಇನ್ನೊಂದು ಕಿಂಡಿಗೆ ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸಿದ್ದು, ಇವೆಲ್ಲವೂ ಸೋರ್ಸನ್ನು ಬದಲಿಸಬಲ್ಲವು. ಸ್ಮಾರ್ಟ್ ಟಿ.ವಿ.ಗಳಲ್ಲಂತೂ ಆನ್ ಮಾಡಿದೊಡನೆ ಆ್ಯಪ್‌ಗಳ ಪುಟವೇ ಎದುರಾಗುತ್ತದೆ. ಮಕ್ಕಳು ಬೆಂಗಳೂರಿನಿಂದ ತಂದುಕೊಟ್ಟ ಇಂತಹ ಟಿ.ವಿ.ಯ ಮುಂದೆ ಕುಳಿತು, ತಾವು ನಿತ್ಯ ನೋಡುವ ವಾರ್ತೆ ಎಲ್ಲಿ ಹೋಯಿತೆಂದು ತಿಳಿಯದೆ, ಪಕ್ಕದ ಮನೆಯ ಹುಡುಗ ಕಾಲೇಜಿನಿಂದ ಬರುವವರೆಗೆ ಕಾಯುವ ಹಿರಿಯರು ನಮ್ಮ ನಿಟ್ಟುವಳ್ಳಿಯಲ್ಲೂ ಇದ್ದಾರೆ, ವಿದ್ಯಾನಗರದಲ್ಲೂ ಇದ್ದಾರೆ. ಇದು ನನಗೆ ನಿಜಕ್ಕೂ ಸಂಕಟ ತರುತ್ತದೆ, ಏಕೆಂದರೆ ಪರಿಹಾರ ತೀರಾ ಚಿಕ್ಕದು. ಬಾಕ್ಸ್ ಯಾವ ಕಿಂಡಿಯಲ್ಲಿದೆ ಎಂಬುದನ್ನು ಒಂದು ಚೀಟಿಯಲ್ಲಿ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದು ಟಿ.ವಿ.ಯ ಅಂಚಿಗೆ ಅಂಟಿಸಿ, ಸೋರ್ಸ್ ಬಟನ್ನಿನ ಪಕ್ಕದಲ್ಲಿ ಒಂದು ಗುರುತು ಹಾಕಿದರೆ ಸಾಕು. ಬಹಳಷ್ಟು ಟಿ.ವಿ.ಗಳಲ್ಲಿ ಆನ್ ಮಾಡಿದಾಗ ಕೊನೆಯ ಬಾರಿ ನೋಡಿದ ಕಿಂಡಿಯೇ ತೆರೆಯುವಂತೆ ಮಾಡುವ ಆಯ್ಕೆಯೂ ಸೆಟ್ಟಿಂಗ್ಸ್‌ನಲ್ಲಿರುತ್ತದೆ. ಹಿರಿಯರಿರುವ ಮನೆಗೆ ಟಿ.ವಿ. ಜೋಡಿಸುವವರು ಅದನ್ನು ಹುಡುಕಿ ಹಾಕಿಯೇ ಹೊರಡಬೇಕು.

ಸೋರ್ಸ್ ಸರಿಯಿದ್ದೂ ಚಿತ್ರವಿಲ್ಲದಿದ್ದರೆ ಬಾಕ್ಸಿನ ಎದುರಿನ ದೀಪ ನೋಡಿ. ದೀಪವಿಲ್ಲದಿದ್ದರೆ ಅಥವಾ ಬಾಕ್ಸ್ ಮತ್ತೆ ಮತ್ತೆ ತಾನಾಗಿಯೇ ಆರಿ ಹೊತ್ತಿಕೊಳ್ಳುತ್ತಿದ್ದರೆ ಮೊದಲ ಅನುಮಾನ ಅಡಾಪ್ಟರಿನ ಮೇಲಿರಲಿ. ಬೇರೆ ಅಡಾಪ್ಟರ್ ಹಾಕುವಾಗ ವೋಲ್ಟ್ ಮತ್ತು ಪಿನ್ನಿನ ಧ್ರುವ (ಪ್ಲಸ್-ಮೈನಸ್) ಹಳೆಯದರಂತೆಯೇ ಇರಬೇಕು. ಆಂಪಿಯರ್ ಮಾತ್ರ ಅಷ್ಟೇ ಅಥವಾ ಹೆಚ್ಚಿರಬಹುದು. ಬೆಸ್ಕಾಂ ಕರೆಂಟ್ ಹೋಗಿ ಬಂದ ತಕ್ಷಣವೇ ಗಾಬರಿಯಾಗಬೇಡಿ, ಬಾಕ್ಸ್ ಪೂರ್ತಿ ಎಚ್ಚರವಾಗಲು ಕೆಲವು ನಿಮಿಷ ಬೇಕಾಗುತ್ತದೆ.

ದೀಪವೂ ಇದೆ, ಸೋರ್ಸೂ ಸರಿಯಿದೆ ಎಂದಾದರೆ ನಡುವಿನ ತಂತಿಯನ್ನು ನೋಡಬೇಕು. ಎಚ್‌ಡಿಎಂಐ ತಂತಿಯ ತುದಿಯಲ್ಲಿ 19 ಸಂಪರ್ಕಗಳಿವೆ, ಮತ್ತು ಅದರೊಳಗೆ ಚಿತ್ರ ಹರಿಯುವ ಮುನ್ನ ಎರಡು ಯಂತ್ರಗಳ ನಡುವೆ ಒಂದು ಪರಿಚಯ ನಡೆಯಬೇಕು: ತಾನು ಎಂತಹ ಚಿತ್ರವನ್ನು ತೋರಿಸಬಲ್ಲೆನೆಂದು ಟಿ.ವಿ. ಬಾಕ್ಸಿಗೆ ತಿಳಿಸುತ್ತದೆ, ಆಮೇಲೆ ನಕಲು ತಡೆಯುವ ಎಚ್‌ಡಿಸಿಪಿ ಎಂಬ ವ್ಯವಸ್ಥೆ ಟಿ.ವಿ.ಯ ಗುರುತನ್ನು ಪರಿಶೀಲಿಸುತ್ತದೆ. ಈ ಪರಿಚಯ ಅರ್ಧಕ್ಕೆ ನಿಂತರೆ ತಂತಿ, ಬಾಕ್ಸ್, ಟಿ.ವಿ. ಮೂರೂ ಚೆನ್ನಾಗಿದ್ದರೂ ತೆರೆ ಕಪ್ಪಾಗಿಯೇ ಉಳಿಯುತ್ತದೆ. ಆಗ ಎರಡನ್ನೂ ಗೋಡೆಯ ಸ್ವಿಚ್ಚಿನಲ್ಲೇ ಆರಿಸಿ, ತಂತಿಯ ಎರಡೂ ತುದಿಗಳನ್ನು ತೆಗೆದು, ಒಂದು ನಿಮಿಷ ಬಿಟ್ಟು, ಓರೆಯಾಗದಂತೆ ಪೂರ್ತಿ ಒಳಗೆ ಕೂರಿಸಿ, ಮೊದಲು ಟಿ.ವಿ.ಯನ್ನು, ಸರಿಯಾದ ಸೋರ್ಸನ್ನು ಆಯ್ಕೆ ಮಾಡಿದ ಮೇಲೆ ಬಾಕ್ಸನ್ನು ಹಚ್ಚಬೇಕು. ಗೋಡೆಗೆ ಅಂಟಿಕೊಂಡ ಟಿ.ವಿ.ಯ ಹಿಂದೆ ತಂತಿ ಬಗ್ಗಿ ನಿಂತು ನಿಧಾನವಾಗಿ ಕಿಂಡಿಯಿಂದ ಹೊರಗೆ ಜಾರುವುದೂ ಉಂಟು. ಬಾಕ್ಸಿನಲ್ಲಿ ಯಾರೋ ಟಿ.ವಿ. ಒಪ್ಪದ ರೆಸಲ್ಯೂಶನ್ (ಚಿತ್ರದ ಸೂಕ್ಷ್ಮತೆಯ ಮಟ್ಟ) ಆಯ್ಕೆ ಮಾಡಿಟ್ಟಿದ್ದರೆ ಮಾತ್ರ ಇದ್ಯಾವುದೂ ಫಲಿಸದು. ಆಗ ತಾತ್ಕಾಲಿಕವಾಗಿ ಎ.ವಿ. ತಂತಿ ಜೋಡಿಸಿ, ಅದರ ಮೂಲಕ ಮೆನು ಕಂಡು, ಆಯ್ಕೆಯನ್ನು ಬದಲಿಸಿ, ಮತ್ತೆ ಎಚ್‌ಡಿಎಂಐಗೆ ಮರಳಬಹುದು.

ಎ.ವಿ. ತಂತಿಯ ವಿಚಾರ ಸರಳ. ಹಳದಿ ಪಿನ್ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಧ್ವನಿಗೆ. ಧ್ವನಿ ಬಂದು ಚಿತ್ರ ಬಾರದಿದ್ದರೆ ಹಳದಿಯನ್ನೇ ನೋಡಬೇಕು. ಕೆಲವು ಟಿ.ವಿ.ಗಳಲ್ಲಿ ಹಳದಿಗೆ ಪ್ರತ್ಯೇಕ ಕಿಂಡಿ ಇರದೆ ಹಸಿರು ಕಿಂಡಿಯೇ ಅದಕ್ಕೂ ಆಗುತ್ತದೆ. ತೆಳು ಟಿ.ವಿ.ಗಳಲ್ಲಿ ಮೂರಕ್ಕೂ ಸೇರಿ ಒಂದೇ ಚಿಕ್ಕ ತೂತು ಇದ್ದರೆ, ಟಿ.ವಿ.ಯೊಂದಿಗೆ ಬಂದ ತುಂಡು ತಂತಿಯನ್ನೇ ಬಳಸಬೇಕು, ಏಕೆಂದರೆ ಅದರೊಳಗಿನ ಜೋಡಣೆಯ ಕ್ರಮ ಎಲ್ಲ ಕಂಪನಿಗಳಲ್ಲೂ ಒಂದೇ ಆಗಿರುವುದಿಲ್ಲ. ಇಲ್ಲಿ ನನ್ನದೊಂದು ತೀರ್ಮಾನವಿದೆ: ಎಚ್‌ಡಿ ಬಾಕ್ಸಿಗೂ ಎಚ್‌ಡಿ ಚಾನೆಲ್‌ಗಳಿಗೂ ಹಣ ಕೊಟ್ಟು ಅದನ್ನು ಎ.ವಿ. ತಂತಿಯಲ್ಲಿ ನೋಡುವುದು ಆ ಹಣವನ್ನು ಕಳೆದುಕೊಂಡಂತೆಯೇ, ಏಕೆಂದರೆ ಆ ತಂತಿಯಲ್ಲಿ ಎಚ್‌ಡಿ ಚಿತ್ರ ಹಾಯುವುದೇ ಇಲ್ಲ. ಜೋಡಿಸಲು ಬಂದವರು ಇದನ್ನು ತಿಳಿಸದೆ ಹೋಗುವುದು ತಪ್ಪು.

ಈಗ ಮೊದಲ ಸಂಪರ್ಕಕ್ಕೆ, ಬೀದಿಯಿಂದ ಬಾಕ್ಸಿಗೆ ಬರುವ ತಂತಿಗೆ ಬರೋಣ. ನಮ್ಮ ಭಾಗದಲ್ಲಿ ನಿಜವಾದ ತೊಂದರೆ ಇಲ್ಲಿಯೇ ಹೆಚ್ಚು ಎಂದು ನಾನು ನಂಬುತ್ತೇನೆ. ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ವಿದ್ಯುತ್ ತೆಗೆಯುವ ಗಾಳಿಯಂತ್ರಗಳ ಸಾಲೇ ಇದೆ. ಅಷ್ಟು ಗಾಳಿಯ ಊರಿನಲ್ಲಿ ಕಂಬದಿಂದ ಮಾಳಿಗೆಗೆ, ಮಾಳಿಗೆಯಿಂದ ಮಾಳಿಗೆಗೆ ಜೋತುಬಿದ್ದ ತಂತಿ ಆಷಾಢ ಪೂರ್ತಿ ತೂಗಾಡಿದರೆ ಜಾಯಿಂಟ್ ಸಡಿಲವಾಗದೆ ಇರದು. ಕೋಟೆಯ ಕಡೆಯ ಬೀದಿಗಳಲ್ಲಿ ಕೋತಿಗಳ ಕಾಟ ಬೇರೆ. ಬೇಸಿಗೆಯಲ್ಲಿ ಬಿಸಿಲಿಗೆ ಬಿರಿದ ಹೊದಿಕೆಯೊಳಗೆ ಮೊದಲ ಮಳೆಯ ನೀರು ಇಳಿದರೆ ಒಳಗಿನ ಜಾಲರಿಗೆ ತುಕ್ಕು ಹಿಡಿಯುತ್ತದೆ, ಮತ್ತು ಅದು ಹೊರಗಿನಿಂದ ಕಾಣುವುದಿಲ್ಲ.

ಡಿಜಿಟಲ್ ಸಿಗ್ನಲ್ಲಿನ ಸ್ವಭಾವವೂ ಹಳೆಯದಕ್ಕಿಂತ ಬೇರೆ. ಸಿಗ್ನಲ್ ಕುಗ್ಗುತ್ತಾ ಹೋದರೂ ಒಂದು ಮಟ್ಟದವರೆಗೆ ಚಿತ್ರ ಪೂರ್ತಿ ಸ್ವಚ್ಛವಾಗಿಯೇ ಇರುತ್ತದೆ; ಆ ಮಟ್ಟ ದಾಟಿದೊಡನೆ ಚಿತ್ರ ಚೌಕಚೌಕವಾಗಿ ಒಡೆದು, ಮರುಕ್ಷಣ ಇಲ್ಲವಾಗುತ್ತದೆ. ಆದ್ದರಿಂದ ‘ನಿನ್ನೆ ಚೆನ್ನಾಗಿಯೇ ಬರುತ್ತಿತ್ತು, ಇವತ್ತು ಬಾಕ್ಸ್ ಕೆಟ್ಟಿದೆ’ ಎಂಬ ತರ್ಕ ನಿಲ್ಲುವುದಿಲ್ಲ, ತಂತಿ ತಿಂಗಳುಗಳಿಂದ ಕೆಡುತ್ತಾ ಬಂದಿರಬಹುದು. ಬಾಕ್ಸಿನ ಮೆನುವಿನಲ್ಲಿ ಸಿಗ್ನಲ್ಲಿನ ಬಲ ಮತ್ತು ಗುಣಮಟ್ಟವನ್ನು ತೋರಿಸುವ ಪುಟವಿದ್ದರೆ, ಎಲ್ಲವೂ ಸರಿಯಿರುವ ದಿನವೇ ಅದರ ಅಂಕಿಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ತೊಂದರೆಯ ದಿನ ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ಆಧಾರ ಬೇರೆಯಿಲ್ಲ.

ಬಾಕ್ಸಿಗೆ ತಿರುಗಿಸಿ ಕೂರಿಸುವ ಪಿನ್ನನ್ನು ಬಿಚ್ಚಿ ನೋಡಿದರೂ ಬಹಳಷ್ಟು ತಿಳಿಯುತ್ತದೆ. ಮಧ್ಯದ ಗಟ್ಟಿ ಎಳೆ ನೇರವಾಗಿ, ಪಿನ್ನಿನ ಅಂಚಿನಿಂದ ಎರಡು ಮೂರು ಮಿಲಿಮೀಟರ್ ಹೊರಗೆ ಚಾಚಿರಬೇಕು. ಸುತ್ತಲಿನ ಜಾಲರಿಯ ಕೂದಲೆಳೆಯಷ್ಟು ತುಂಡು ಆ ಮಧ್ಯದ ಎಳೆಗೆ ತಾಗಿದರೂ ಸಿಗ್ನಲ್ ಸತ್ತಂತೆಯೇ. ಕೆಲವು ಬಾಕ್ಸುಗಳ ಹಿಂದೆ ಒಂದೇ ಬಗೆಯ ಎರಡು ಕಿಂಡಿಗಳಿರುತ್ತವೆ, ಒಂದು ಒಳಬರಲು, ಒಂದು ಹೊರಹೋಗಲು. ಮನೆ ಗುಡಿಸುವಾಗ ಬಿಚ್ಚಿದವರು ಅದಲುಬದಲು ಮಾಡಿ ಹಾಕಿದರೆ ಏನೂ ಬರುವುದಿಲ್ಲ. ಇನ್ನು ಸ್ಪ್ಲಿಟರ್: ಒಂದು ತಂತಿಯನ್ನು ಎರಡು ಮಾಡಿದಾಗ ಪ್ರತಿ ಕವಲಿಗೂ ಅರ್ಧಕ್ಕಿಂತ ಕಡಿಮೆ ಶಕ್ತಿ ಉಳಿಯುತ್ತದೆ, ಲೆಕ್ಕದಲ್ಲಿ ಸುಮಾರು 3.5 ಡೆಸಿಬಲ್ ನಷ್ಟ. ಮಹಡಿಯ ಬಾಡಿಗೆ ಮನೆಗೊಂದು, ಕೋಣೆಗೊಂದು ಎಂದು ಕವಲಿನ ಮೇಲೆ ಕವಲು ತೆಗೆಯುತ್ತಾ ಹೋದರೆ ಕೊನೆಯ ಬಾಕ್ಸಿಗೆ ಏನೂ ಉಳಿಯದು. ಸ್ಪ್ಲಿಟರನ್ನು ಬಿಟ್ಟು ತಂತಿಯನ್ನು ನೇರವಾಗಿ ಬಾಕ್ಸಿಗೆ ಕೊಟ್ಟಾಗ ಚಿತ್ರ ಬಂದರೆ ಕಾರಣ ಸಿಕ್ಕಿತು. ಆದರೆ ಪಿನ್ ಮುಟ್ಟಿದಾಗ ಕೈ ಜುಮ್ಮೆಂದರೆ ಅಲ್ಲಿಗೇ ನಿಲ್ಲಿಸಿ ಆಪರೇಟರನ್ನು ಕರೆಯಬೇಕು. ಗುಡುಗು ಸಿಡಿಲಿನ ಹೊತ್ತಿನಲ್ಲಂತೂ ಈ ತಂತಿಯನ್ನು ಮುಟ್ಟಲೇಬಾರದು, ತೆಗೆಯುವುದಿದ್ದರೆ ಮೋಡ ಕಟ್ಟುವ ಮುನ್ನವೇ ತೆಗೆಯಬೇಕು.

ಎಲ್ಲ ಚಾನೆಲ್‌ಗಳೂ ಹೋಗಿವೆಯೋ, ಕೆಲವು ಮಾತ್ರವೋ ಎಂಬುದೂ ಮುಖ್ಯ. ಕೇಬಲ್ಲಿನಲ್ಲಿ 8 ಮೆಗಾಹರ್ಟ್ಸ್ ಅಗಲದ ಒಂದೊಂದು ತರಂಗದಲ್ಲಿ ಹಲವು ಚಾನೆಲ್‌ಗಳು ಒಟ್ಟಿಗೆ ಬರುತ್ತವೆ. ಪರಸ್ಪರ ಸಂಬಂಧವಿಲ್ಲದ ಒಂದು ಗುಂಪು ಚಾನೆಲ್ ಒಟ್ಟಿಗೇ ಮಾಯವಾಗಿ ಉಳಿದವು ಚೆನ್ನಾಗಿದ್ದರೆ ಆ ತರಂಗಕ್ಕೆ ಪೆಟ್ಟು ಬಿದ್ದಿದೆ, ಬಾಕ್ಸಿನ ತಪ್ಪಿಲ್ಲ. ಒಂದೇ ಒಂದು ಪಾವತಿ ಚಾನೆಲ್ ಹೋಗಿದ್ದರೆ ಅದು ಚಂದಾದ ವಿಷಯ. 2019ರ ಫೆಬ್ರವರಿಯಿಂದ ಚಾನೆಲ್‌ಗಳನ್ನು ಬಿಡಿಯಾಗಿ ಅಥವಾ ಗುಚ್ಛವಾಗಿ ನಾವೇ ಆರಿಸಿಕೊಳ್ಳುವ ವ್ಯವಸ್ಥೆ ಇರುವುದರಿಂದ, ನಿಮ್ಮ ಪಟ್ಟಿಯಲ್ಲಿ ಅದು ಇದೆಯೇ ಎಂದು ಮೊದಲು ಕೇಳಿಕೊಳ್ಳಿ.

ಇಷ್ಟೆಲ್ಲ ಹೇಳಲು ಕಾರಣ, ‘ಬಾಕ್ಸ್ ಹೋಗಿದೆ, ಹೊಸದು ಹಾಕಿಸಿ’ ಎಂಬ ತೀರ್ಪನ್ನು ನಾವು ಬಹಳ ಬೇಗ ಒಪ್ಪಿಕೊಳ್ಳುತ್ತೇವೆ. ಅದೇ ಆಪರೇಟರಿನ ಸಂಪರ್ಕವಿರುವ ಪಕ್ಕದ ಮನೆಯಲ್ಲಿ ನಿಮ್ಮ ಬಾಕ್ಸನ್ನು ಹಾಕಿ ನೋಡದೆ ಆ ಮಾತನ್ನು ಒಪ್ಪಬೇಡಿ. ಅಲ್ಲಿ ಅದು ನಡೆದರೆ ದೋಷ ನಿಮ್ಮ ತಂತಿಯಲ್ಲಿದೆ, ಹೊಸ ಬಾಕ್ಸಿಗೆ ಕೊಡುವ ಹಣ ವ್ಯರ್ಥ. ಬಿಸಿಲಿನಲ್ಲಿ ಏಣಿ ಹೊತ್ತು ಮನೆಯಿಂದ ಮನೆಗೆ ಓಡುವ ಕೇಬಲ್ ಕೆಲಸಗಾರರ ಕಷ್ಟ ನನಗೆ ಗೊತ್ತಿದೆ, ಅವರನ್ನು ನಾನು ದೂರುತ್ತಿಲ್ಲ. ಸೋರ್ಸ್ ಬದಲಾದ ಮನೆಗೆ ಅವರು ಅಷ್ಟು ದೂರ ಬಂದು ಹೋಗುವುದೂ ಅನ್ಯಾಯವೇ. ನನ್ನ ಒತ್ತಾಯ ಅವರನ್ನು ಕಳಿಸುವ ಆಪರೇಟರುಗಳ ಮುಂದಿದೆ: ಹೊಸ ಸಂಪರ್ಕ ಕೊಡುವಾಗ ಕಿಂಡಿಯ ಹೆಸರು, ಎರಡು ರಿಮೋಟುಗಳ ಕೆಲಸ, ಮೆನು ಬಟನ್ನಿನ ಪರೀಕ್ಷೆ, ದೂರಿನ ಸಂಖ್ಯೆ ಇಷ್ಟನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದ ಒಂದು ಹಾಳೆಯನ್ನು ಬಾಕ್ಸಿನ ಜೊತೆ ಕೊಡಬೇಕು, ಮತ್ತು ಮನೆಯಲ್ಲಿ ಟಿ.ವಿ.ಯನ್ನು ಹೆಚ್ಚು ನೋಡುವವರ ಕೈಯಲ್ಲೇ ಒಮ್ಮೆ ಒತ್ತಿಸಿ ತೋರಿಸಬೇಕು.

ಅಲ್ಲಿಯವರೆಗೆ, ಫೋನ್ ಮಾಡುವಾಗ ‘ಟಿ.ವಿ. ಬರುತ್ತಿಲ್ಲ’ ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ಬಾಕ್ಸಿನ ದೀಪ ಉರಿಯುತ್ತಿದೆಯೇ, ಮೆನು ಬರುತ್ತಿದೆಯೇ, ತೆರೆಯ ಮೇಲಿನ ಬರಹ ಅಕ್ಷರಶಃ ಏನು, ಎಲ್ಲ ಚಾನೆಲ್ ಹೋಗಿವೆಯೇ ಕೆಲವೇ ಹೋಗಿವೆಯೇ, ಪಕ್ಕದ ಮನೆಯಲ್ಲಿ ಬರುತ್ತಿದೆಯೇ ಎಂಬುದನ್ನು ಹೇಳಿ, ಬಾಕ್ಸಿನ ತಳದಲ್ಲಿರುವ ಸಂಖ್ಯೆಯನ್ನು ಓದಿ, ದೂರಿನ ಕ್ರಮಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ. ಆಗ ಬರುವವರು ಹೊಸ ಪಿನ್ ತರಬೇಕೋ, ಏಣಿ ತರಬೇಕೋ, ಅಡಾಪ್ಟರ್ ತರಬೇಕೋ ಎಂದು ಹೊರಡುವ ಮುನ್ನವೇ ತಿಳಿದಿರುತ್ತಾರೆ.